ಹಡ್ಸನ್ ತೀರದ ಕಲಾವಿದರ ವಠಾರ

ನಗರದಲ್ಲಿ ಬಾಡಿಗೆಯ ಮನೆಯನ್ನರಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಗಾಳಿಯಿದ್ದಲ್ಲಿ ನೀರಿಲ್ಲ, ನೀರಿದ್ದಲ್ಲಿ ಬೆಳಕಿಲ್ಲ. ಎಲ್ಲವೂ ಇದ್ದಲ್ಲಿ ಬಾಡಿಗೆ ಕೈಗೆಟುಕದು. ಹೀಗಿರುವಾಗ ನ್ಯೂಯಾರ್ಕಿನಂಥ ಮಹಾನಗರದಲ್ಲಿ, ನದಿಯ ದಂಡೆಯಲ್ಲಿ, ಅಂಗಡಿಗೂ ನಾಟಕಶಾಲೆಗೂ ನಡೆದೇ ಹೋಗಬಹುದಾದ ನೆರೆಯಲ್ಲಿ, ನಿಶ್ಚಿತ ವರಮಾನವಿಲ್ಲದ ಚಿತ್ರಕಾರನೊಬ್ಬನಿಗೆ ಮನೆ ದೊರೆಯುವುದೆಂದರೆ ಕನಸೇ ಸರಿ. ಆ ಕನಸನ್ನು ನನಸಾಗಿಸಲು ಹೊರಟ ಕಟ್ಟಡವೊಂದು ಮ್ಯಾನ್‌ಹಟನ್ ದ್ವೀಪದ ಪಶ್ಚಿಮದ ಅಂಚಿನಲ್ಲಿ ನಿಂತಿದೆ. ವೆಸ್ಟ್ ಬೀದಿ, ಬೆಥ್ಯೂನ್ ಬೀದಿ ಎಂಬೆರಡು ಬೀದಿಗಳ ಹೆಸರು ಕೂಡಿ ಅದಕ್ಕೆ ‘ವೆಸ್ಟ್‌ಬೆತ್’ ಎಂಬ ಹೆಸರಾಗಿದೆ.

ಅದು ಇರುವ ನೆರೆಯ ಹೆಸರು ಗ್ರೀನಿಚ್ ವಿಲೇಜ್. ಒಂದು ಕಾಲಕ್ಕೆ ಅದು ನಗರದ ಹೊರಗಣ ಹಳ್ಳಿಯೇ ಆಗಿತ್ತು. 1811ರಲ್ಲಿ ನಗರದ ಹಿರಿಯರು ಮ್ಯಾನ್‌ಹಟನ್ನಿನ ಮೇಲೆ ಚದುರಂಗದ ಹಾಸಿನಂತೆ ನೇರವಾದ ಬೀದಿಗಳನ್ನು ಗೆರೆಯೆಳೆದರು. ಈ ಹಳ್ಳಿಯ ಡೊಂಕುಬೀದಿಗಳು ಮಾತ್ರ ಆ ಶಿಸ್ತಿಗೆ ಒಗ್ಗದೆ ಉಳಿದವು. ಇಲ್ಲಿ ಪಶ್ಚಿಮದ ನಾಲ್ಕನೆಯ ಬೀದಿ ಹೋಗಿ ಹನ್ನೆರಡನೆಯ ಬೀದಿಯನ್ನು ಸಂಧಿಸುತ್ತದೆ! ಹೊಸಬರು ದಾರಿ ತಪ್ಪುವುದು ಸಹಜ. ಆದರೆ ದಾರಿ ತಪ್ಪಿದವನಿಗೆ ಬೇಸರವಾಗದು. ಮರದ ನೆರಳು, ಇಟ್ಟಿಗೆಯ ತಗ್ಗು ಮನೆಗಳು, ಮೂಲೆಯಂಗಡಿಗಳು ಅವನನ್ನು ಮುಂದೆ ಮುಂದೆ ಕರೆದೊಯ್ಯುತ್ತವೆ.

ನಡಿಗೆಯ ಈ ಸುಖಕ್ಕೆ ಶಾಸ್ತ್ರದ ಗೌರವವನ್ನು ತಂದುಕೊಟ್ಟವರು ಜೇನ್ ಜೇಕಬ್ಸ್. ವೆಸ್ಟ್‌ಬೆತ್‌ನಿಂದ ಕೆಲವೇ ನಿಮಿಷಗಳ ದೂರದಲ್ಲಿ, ಹಡ್ಸನ್ ಬೀದಿಯಲ್ಲಿ ಆಕೆಯ ಮನೆಯಿತ್ತು. ಅಮೆರಿಕದ ಮಹಾನಗರಗಳ ಅಳಿವು ಉಳಿವುಗಳನ್ನು ಕುರಿತ ಆಕೆಯ ಗ್ರಂಥ 1961ರಲ್ಲಿ ಹೊರಬಂತು. ಬೀದಿಯಲ್ಲಿ ಜನರ ಓಡಾಟವಿದ್ದರೆ, ಕಿಟಕಿಗಳಿಂದ ನೋಡುವ ಕಣ್ಣುಗಳಿದ್ದರೆ ನೆರೆ ತಾನಾಗಿ ಸುರಕ್ಷಿತವಾಗುತ್ತದೆಂಬುದು ಆಕೆಯ ವಾದ. ಅದೇ ವರ್ಷ ಈ ನೆರೆಯನ್ನು ಹಾಳು ಬಿದ್ದ ಪ್ರದೇಶವೆಂದು ಸಾರಿ ಪುನರ್ನಿರ್ಮಿಸುವ ಯೋಜನೆಯನ್ನು ನಗರಾಡಳಿತ ಹೂಡಿತು. ಜೇಕಬ್ಸ್ ನೆರೆಯವರನ್ನು ಕೂಡಿಸಿಕೊಂಡು ಹೋರಾಡಿ ಅದನ್ನು ನಿಲ್ಲಿಸಿದರು.

ವೆಸ್ಟ್‌ಬೆತ್ ಮೊದಲಿಗೆ ಮನೆಯಾಗಿರಲಿಲ್ಲ. ಬೆಲ್ ದೂರವಾಣಿ ಸಂಸ್ಥೆಯ ಪ್ರಯೋಗಶಾಲೆಯಾಗಿತ್ತು. 1927ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಕುಳಿತು ಮಾತಾಡಿದ ಹರ್ಬರ್ಟ್ ಹೂವರರ ಮುಖ ತಂತಿಯ ಮೂಲಕ ಹರಿದುಬಂದು ಇಲ್ಲಿ ನೆರೆದವರ ಕಣ್ಣಮುಂದೆ ಮೂಡಿತು. ದೂರದರ್ಶನದ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು. ಸರಕುಗಾಡಿಗಳ ಎತ್ತರದ ರೈಲುದಾರಿಯೊಂದು ಈ ಕಟ್ಟಡದ ಹೊಟ್ಟೆಯನ್ನೇ ಹಾಯ್ದು ಹೋಗುತ್ತಿತ್ತು. ಅದರ ತುಂಡು ಇಂದಿಗೂ ಅಲ್ಲಿದೆ. 1966ರಲ್ಲಿ ವಿಜ್ಞಾನಿಗಳು ಬಿಟ್ಟುಹೋದ ಮೇಲೆ ಕಟ್ಟಡ ಬರಿದಾಯಿತು.

ಆಗ ಕೆಪ್ಲಾನ್ ನಿಧಿಯೂ ಅಮೆರಿಕ ಸರಕಾರದ ಕಲಾ ಪ್ರೋತ್ಸಾಹ ಸಂಸ್ಥೆಯೂ ಕೈಜೋಡಿಸಿದವು. ಇನ್ನೂ ತರುಣರಾಗಿದ್ದ ವಾಸ್ತುಶಿಲ್ಪಿ ರಿಚರ್ಡ್ ಮಾಯರ್ ಪ್ರಯೋಗಶಾಲೆಯನ್ನು ಸುಮಾರು 380 ಮನೆಗಳಾಗಿ ಮಾರ್ಪಡಿಸಿದರು. 1970ರಲ್ಲಿ ಬಾಗಿಲು ತೆರೆಯಿತು. ಎತ್ತರದ ಛಾವಣಿ, ವಿಶಾಲವಾದ ಕಿಟಕಿ, ಒಳಗೋಡೆಗಳು ಆದಷ್ಟು ಕಡಮೆ. ಎಲ್ಲಿ ಮಲಗಬೇಕು, ಎಲ್ಲಿ ಬಣ್ಣ ಕಲಸಬೇಕು ಎಂಬುದನ್ನು ಬಾಡಿಗೆದಾರನೇ ನಿಶ್ಚಯಿಸಿಕೊಳ್ಳಬೇಕು. ಮನೆ ಬೇಡುವವರಿಗೆ ಎರಡು ಪರೀಕ್ಷೆಗಳು: ವರಮಾನ ಮಿತಿಯೊಳಗಿರಬೇಕು, ಕಲಾವಿದನೆಂಬುದನ್ನು ಅವರ ಕೃತಿಗಳು ಸಾಕ್ಷಿ ಹೇಳಬೇಕು. ಲಾಭವನ್ನು ಬಯಸದ ಸಂಸ್ಥೆ ನಡೆಸುವುದರಿಂದ ಬಾಡಿಗೆ ನೆರೆಯ ದರಕ್ಕಿಂತ ಎಷ್ಟೋ ಕೆಳಗಿದೆ. ಛಾಯಾಚಿತ್ರಕಾರ್ತಿ ಡಯೇನ್ ಆರ್ಬಸ್ ತಮ್ಮ ಕೊನೆಯ ದಿನಗಳನ್ನು ಇಲ್ಲಿಯೇ ಕಳೆದರು. ನೃತ್ಯಾಚಾರ್ಯ ಮರ್ಸ್ ಕನಿಂಗ್‌ಹ್ಯಾಮರ ಅಭ್ಯಾಸಶಾಲೆ 1971ರಿಂದ ನಾಲ್ಕು ದಶಕಗಳ ಕಾಲ ಮೇಲಿನ ಅಂತಸ್ತಿನಲ್ಲಿತ್ತು.

ಕಲಾವಿದರು ಇಲ್ಲಿ ಐದು ವರ್ಷವಿದ್ದು, ಹೆಸರು ಗಳಿಸಿ, ಬೇರೆ ಮನೆ ಹಿಡಿದು ಹೊರಟರೆ ಆ ಜಾಗ ಹೊಸ ಕಲಾವಿದರಿಗೆ ದೊರೆಯುವುದೆಂದು ಸ್ಥಾಪಕರು ಎಣಿಸಿದ್ದರು. ಆ ಎಣಿಕೆ ತಲೆಕೆಳಗಾಯಿತು. ಹೆಸರು ಬಂದರೂ ಹಣ ಬರಲಿಲ್ಲ; ಹೊರಗಿನ ಬಾಡಿಗೆಯೋ ಏರುತ್ತಲೇ ಹೋಯಿತು. ಹಳೆಯ ಧಕ್ಕೆಗಳು ಉದ್ಯಾನವಾದವು. ಮುರಿಯದೆ ಉಳಿದ ರೈಲುದಾರಿ 2009ರಲ್ಲಿ ‘ಹೈ ಲೈನ್’ ಎಂಬ ತೂಗುತೋಟವಾಯಿತು. 2015ರಲ್ಲಿ ವಿಟ್ನಿ ಕಲಾ ಸಂಗ್ರಹಾಲಯ ಸಮೀಪಕ್ಕೇ ಬಂದಿತು. ಕಲಾವಿದರು ಬಾಳಿ ಬೆಳಗಿಸಿದ ನೆರೆ ಶ್ರೀಮಂತರ ನೆರೆಯಾಯಿತು. ಜೇಕಬ್ಸ್ ಕಾಪಾಡಿದ ಬೀದಿಗಳೇ ದುಬಾರಿಯಾದವು. ಇಂಥದರಲ್ಲಿ ವೆಸ್ಟ್‌ಬೆತ್ತನ್ನು ಬಿಟ್ಟು ಹೋಗುವವರಾರು? ತರುಣರಾಗಿ ಬಂದವರು ಅಲ್ಲೇ ಮಕ್ಕಳನ್ನು ಬೆಳೆಸಿದರು, ಅಲ್ಲೇ ಮುದುಕರಾದರು. ಕಾದಿರುವವರ ಪಟ್ಟಿ ಎಷ್ಟು ಬೆಳೆಯಿತೆಂದರೆ 2007ರಲ್ಲಿ ಅದನ್ನು ಮುಚ್ಚಬೇಕಾಯಿತು. ಒಳಗಿದ್ದವರಿಗೆ ನೆಲೆಯಾದ ಮನೆ, ಹೊರಗೆ ನಿಂತ ತರುಣರಿಗೆ ಮುಚ್ಚಿದ ಬಾಗಿಲಾಯಿತು. ಇದರಲ್ಲಿ ತಪ್ಪು ಯಾರದು? ಇಂಥ ಮನೆಗಳು ಕೆಲವೇ ಇದ್ದುದೇ ತಪ್ಪೆನ್ನಬೇಕು.

ತೀರದ ವಾಸಕ್ಕೆ ತೀರದ ಸುಂಕವೂ ಉಂಟು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬೀಸಿದಾಗ ಹಡ್ಸನ್ ಉಕ್ಕಿ ವೆಸ್ಟ್‌ಬೆತ್‌ನ ನೆಲಮಾಳಿಗೆಗೆ ನುಗ್ಗಿತು. ಅಲ್ಲಿ ಕೂಡಿಟ್ಟಿದ್ದ ಚಿತ್ರಗಳು, ಶಿಲ್ಪಗಳು, ಕಾಗದಪತ್ರಗಳು ನೀರುಪಾಲಾದವು. ಕನಿಂಗ್‌ಹ್ಯಾಮರ ತಾಣಕ್ಕೆ ಆ ವರ್ಷವಷ್ಟೇ ಬಂದಿದ್ದ ಮಾರ್ಥಾ ಗ್ರಹಾಂ ನೃತ್ಯಮಂಡಳಿಯ ವೇಷಭೂಷಣಗಳೂ ರಂಗಸಜ್ಜಿಕೆಗಳೂ ನೆನೆದು ಹಾಳಾದವು. ಮೇಲಿನ ಮನೆಗಳು ಉಳಿದವು. ಕೆಳಗೆ ಅನೇಕರ ಬಾಳಿನ ದುಡಿಮೆಯೇ ಕೆಸರಾಗಿತ್ತು. ಆದರೂ ವಠಾರ ಬರಿದಾಗಲಿಲ್ಲ.

ಹಡ್ಸನ್ ಇಲ್ಲಿ ಬರಿಯ ನದಿಯಲ್ಲ. ಸಮುದ್ರದ ಉಬ್ಬರವಿಳಿತಗಳು ಅದರೊಳಗೆ ಬಹುದೂರ ಆಡುತ್ತವೆ. ಅದಕ್ಕೇ ಅಲ್ಲಿಯ ಮೂಲನಿವಾಸಿಗಳು ಅದನ್ನು ಎರಡೂ ಕಡೆ ಹರಿಯುವ ನೀರೆಂದು ಕರೆದರು. ಮನೆಯನ್ನೂ ಹಾಗೆ ಹರಿಯುವ ನೀರೆಂದೇ ಸ್ಥಾಪಕರು ಭಾವಿಸಿದ್ದರು: ಒಬ್ಬರು ಬರಬೇಕು, ಒಬ್ಬರು ಹೋಗಬೇಕು. ಸಂಜೆಯ ಹೊತ್ತು ಧಕ್ಕೆಯ ಬೆಂಚಿನ ಮೇಲೆ ಕುಳಿತು ನೀರನ್ನು ನೋಡುವ ನರೆಗೂದಲಿನ ಕಲಾವಿದರು ಮಾತ್ರ, ಕತ್ತಲಾಗುತ್ತಲೇ ಎದ್ದು, ಬೀದಿಯನ್ನು ದಾಟಿ, ಅದೇ ಹಳೆಯ ಬಾಗಿಲನ್ನು ಸೇರುತ್ತಾರೆ.