ಕಂಬಗಳ ನಡುವಿನ ಸಮಾನ ದಾರಿ

ಸ್ಮರಣ ಸಂಚಿಕೆಗಾಗಿ ಸಂಪಾದಕರು ನಮ್ಮಿಂದ ಬಯಸಿದ್ದು ಶಾಲೆಯ ನೆನಪುಗಳನ್ನು. ಅವನ್ನು ಬರೆಯಲು ಬೇರೆ ಹಿರಿಯರಿದ್ದಾರೆ. ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ವಿಜ್ಞಾನ ಕಲಿಸಿದ ನಾವು, ಸೀಮೆಸುಣ್ಣದಿಂದ ಹೊರಟು ಸಿಲಿಕಾನ್ ಬಿಲ್ಲೆಯವರೆಗೆ ಬಂದಿರುವ ಒಂದು ವಿದ್ಯೆಯನ್ನು ಕುರಿತು ನಾಲ್ಕು ಮಾತು ಬರೆಯಬಯಸುತ್ತೇವೆ.

ಸೀಮೆಸುಣ್ಣದ ತುಂಡಿನ ಬುಡದಿಂದ ಬೆರಳಗಲ ಮೇಲೆ ಕಪ್ಪು ಶಾಯಿಯ ಗೆರೆ ಎಳೆದು ಬಟ್ಟಲಿನ ನೀರಿನಲ್ಲಿ ನಿಲ್ಲಿಸಿದರೆ, ನೀರು ಮೇಲೇರಿದಂತೆ ಶಾಯಿಯೊಳಗೆ ಅಡಗಿದ್ದ ಬಣ್ಣಗಳು ಬೇರೆ ಬೇರೆ ಎತ್ತರದಲ್ಲಿ ತೋರುತ್ತವೆ. ಸುಣ್ಣಕ್ಕೆ ಹೆಚ್ಚು ಅಂಟುವ ಬಣ್ಣ ಹಿಂದುಳಿಯುತ್ತದೆ, ನೀರಿನ ಸಖ್ಯ ಹೆಚ್ಚಿರುವುದು ಮುಂದೆ ಹೋಗುತ್ತದೆ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಗಾಜಿನ ಕೊಳವೆಯಲ್ಲಿ ಸುಣ್ಣದ ಪುಡಿ ತುಂಬಿ ಎಲೆಯ ಬಣ್ಣಗಳನ್ನು ಹೀಗೆಯೇ ಬಿಡಿಸಿದನು. 1906ರಲ್ಲಿ ಈ ಕ್ರಮಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟನು. ಅವನ ಭಾಷೆಯಲ್ಲಿ ‘ತ್ಸ್ವೆತ್’ ಎಂದರೆ ಬಣ್ಣವೆಂದೇ ಅರ್ಥ! ನಾವು ತರಗತಿಯಲ್ಲಿ ವರ್ಣಲೇಖನ ಎನ್ನುತ್ತಿದ್ದೆವು.

ಆ ಪ್ರಯೋಗವನ್ನು ನಮ್ಮ ಬಳಿ ಮಾಡಿದ ಒಬ್ಬ ವಿದ್ಯಾರ್ಥಿನಿ ಈಗ ಹೈದರಾಬಾದಿನ ಔಷಧ ಪ್ರಯೋಗಾಲಯವೊಂದರಲ್ಲಿದ್ದಾಳೆ. ಕಳೆದ ದೀಪಾವಳಿಗೆ ಬಂದವಳು ಸೂಕ್ಷ್ಮಕಾಲುವೆಗಳ ವಿಷಯವನ್ನು ಇಡೀ ಮಧ್ಯಾಹ್ನ ಕನ್ನಡದಲ್ಲಿಯೇ ವಿವರಿಸಿದಳು. ಒಂದು ಕಡೆಯೂ ಮಾತು ತಡೆಯಲಿಲ್ಲ. ಕನ್ನಡದಲ್ಲಿ ಓದಿದರೆ ವಿಜ್ಞಾನ ದಕ್ಕದೆಂದು ಮಕ್ಕಳ ದಾಖಲೆ ಪತ್ರ ಕೇಳಲು ನಮ್ಮ ಕಚೇರಿಗೆ ಬರುತ್ತಿದ್ದ ತಂದೆತಾಯಿಗಳು ಆ ದಿನ ಪಕ್ಕದಲ್ಲಿ ಕುಳಿತಿರಬೇಕಾಗಿತ್ತು. ಅವಳು ಹೇಳಿದ್ದನ್ನು ನಾವು ಗ್ರಹಿಸಿದಂತೆ ಇಲ್ಲಿ ಒಪ್ಪಿಸುತ್ತೇವೆ.

ಇಂದಿನ ಪ್ರಯೋಗಾಲಯಗಳಲ್ಲಿ ಉಕ್ಕಿನ ಕೊಳವೆಯೊಳಗೆ ಕೆಲವೇ ಮೈಕ್ರೊಮೀಟರ್ ಗಾತ್ರದ ಕಣಗಳನ್ನು ಒತ್ತಿ ತುಂಬಿರುತ್ತಾರೆ. ಎಷ್ಟು ಜಾಣತನದಿಂದ ತುಂಬಿದರೂ ಒಂದೆಡೆ ಸಡಿಲು, ಇನ್ನೊಂದೆಡೆ ಬಿಗಿ. ಆದುದರಿಂದ ಒಂದೇ ಜಾತಿಯ ಎರಡು ಅಣುಗಳು ಜೊತೆಯಾಗಿ ಹೊರಟರೂ, ಒಂದಕ್ಕೆ ನೇರ ದಾರಿ ಸಿಕ್ಕರೆ ಇನ್ನೊಂದಕ್ಕೆ ಸುತ್ತು ದಾರಿ ಸಿಗುತ್ತದೆ. ಒಟ್ಟಿಗೆ ತಲುಪಬೇಕಾದವು ಚದುರಿ ತಲುಪುತ್ತವೆ. ಪಟ್ಟೆ ಅಗಲವಾಗಿ ನೆರೆಯ ಪಟ್ಟೆಯೊಡನೆ ಬೆರೆಯುತ್ತದೆ. 1956ರಲ್ಲಿ ವ್ಯಾನ್ ಡೀಮ್ಟರ್ ಮತ್ತು ಸಂಗಡಿಗರು ಕೊಟ್ಟ ಸಮೀಕರಣದ ಮೊದಲ ಪದವೇ ಈ ದಾರಿಯ ಅಸಮಾನತೆ. ಅಣುಗಳ ಸ್ವಭಾವದಿಂದ ಹುಟ್ಟುವ ಅಂತರ ನಮಗೆ ಬೇಕು. ದಾರಿಯ ಪಕ್ಷಪಾತದಿಂದ ಹುಟ್ಟುವ ಅಂತರ ಬೇಡ.

ಹಾಗಾದರೆ ಕಣ ತುಂಬುವುದನ್ನೇ ಬಿಟ್ಟು, ಕಂಬಗಳನ್ನು ಲೆಕ್ಕಹಾಕಿ ನಿಲ್ಲಿಸಿದರೆ ಹೇಗೆ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫ್ರೆಡ್ ರೆನ್ಯೇ ಮತ್ತು ಸಂಗಡಿಗರು 1998ರಲ್ಲಿ ಅಂತಹ ಕಾಲುವೆಗಳನ್ನು ಕೊರೆದು ತೋರಿಸಿದರು. ಬ್ರಸೆಲ್ಸಿನಲ್ಲಿ ಗರ್ಟ್ ದೆಸ್ಮೆತ್ ಅವರ ತಂಡ ಅದನ್ನು ಬಹಳ ಮುಂದೆ ಒಯ್ದಿತು. ಕಂಪ್ಯೂಟರಿನ ಬಿಲ್ಲೆಗಳನ್ನು ಮಾಡುವ ವಿಧಾನದಿಂದಲೇ ಸಿಲಿಕಾನನ್ನು ಕೊರೆದು ಕಂಬಗಳನ್ನು ಉಳಿಸುತ್ತಾರೆ. ಮಾರುಕಟ್ಟೆಗೆ ಬಂದ ಅಂತಹ ಒಂದು ಬಿಲ್ಲೆಯಲ್ಲಿ ಕಂಬದ ವ್ಯಾಸ 5 ಮೈಕ್ರೊಮೀಟರ್, ಎತ್ತರ 18, ನಡುವಿನ ಸಂದು ಎರಡೂವರೆ. ನಮ್ಮ ತಲೆಗೂದಲಿನ ದಪ್ಪದಲ್ಲಿ ಇಂತಹ ಹತ್ತಾರು ಸಂದುಗಳು ಹಿಡಿಸುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಂಡವರು ಅದನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸಿ, ಉದ್ದಕ್ಕೆ ಹಿಗ್ಗಿಸಿ ಕಲ್ಪಿಸಿಕೊಳ್ಳಬಹುದು.

ಕಾಲುವೆಯ ಅಗಲ 315 ಮೈಕ್ರೊಮೀಟರ್, ಉದ್ದ 200 ಸೆಂಟಿಮೀಟರ್. ಇಷ್ಟುದ್ದದ ದಾರಿಯನ್ನು ಪುಟ್ಟ ಬಿಲ್ಲೆಯಲ್ಲಿ ಅಡಗಿಸಬೇಕಾದರೆ ಎತ್ತು ಹೊಲ ಉಳುವಂತೆ ಹೋಗಿ ತಿರುಗಿ ಬರಬೇಕು. ತೊಡಕು ಇರುವುದು ಆ ತಿರುವಿನಲ್ಲಿ. ಕ್ರೀಡಾಕೂಟದ ಹಿಂದಿನ ರಾತ್ರಿ ಸುಣ್ಣದ ಗೆರೆ ಹಾಕಿಸಿದ ಯಾವ ಮುಖ್ಯೋಪಾಧ್ಯಾಯನಿಗೂ ಇದು ಗೊತ್ತು: 1.22 ಮೀಟರ್ ಅಗಲದ ಪಥಗಳಲ್ಲಿ ಒಂದು ಸುತ್ತಿಗೆ ಹೊರಗಿನ ಪಥ ಒಳಗಿನದಕ್ಕಿಂತ ಏಳೂವರೆ ಮೀಟರಿಗೂ ಹೆಚ್ಚು ಉದ್ದ. ಆದುದರಿಂದ ಹೊರಗಿನ ಹುಡುಗನನ್ನು ಮುಂದೆ ನಿಲ್ಲಿಸುತ್ತೇವೆ. ಅಣುಗಳನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ. 315 ಮೈಕ್ರೊಮೀಟರ್ ಅಗಲದ ಕಾಲುವೆ ಪೂರ್ಣ ಹಿಂದಿರುಗಿದರೆ ಹೊರ ಅಂಚಿನ ದಾರಿ ಒಳ ಅಂಚಿನದಕ್ಕಿಂತ ಸುಮಾರು 1 ಮಿಲಿಮೀಟರ್ ಉದ್ದವಾಗುತ್ತದೆ. ಕಷ್ಟಪಟ್ಟು ಗಳಿಸಿದ ಶಿಸ್ತು ಒಂದೇ ತಿರುವಿನಲ್ಲಿ ಕೆಡುತ್ತದೆ. ಇದಕ್ಕೆ ವಿನ್ಯಾಸಕಾರರು ಕಂಡುಕೊಂಡ ಉಪಾಯ ಸೊಗಸಾದುದು: ತಿರುವಿಗೆ ಮುನ್ನ ಅಗಲದ ಹರಿವನ್ನೆಲ್ಲ ಒಂದು ಕಿರಿದಾದ ಕಾಲುವೆಗೆ ಕೂಡಿಸಿ, ಅಲ್ಲಿ ತಿರುಗಿಸಿ, ಮತ್ತೆ ಸಮವಾಗಿ ಹರಡುವುದು. ಕಿರಿದಾದ ದಾರಿಯಲ್ಲಿ ಒಳ ಹೊರ ಅಂಚುಗಳ ಭೇದವೂ ಕಿರಿದು. ಸಂಜೆ ಗಂಟೆಯಾದೊಡನೆ ಮಕ್ಕಳನ್ನು ಒಂದೇ ಬಾಗಿಲಿನಿಂದ ಸಾಲಾಗಿ ಬಿಡುತ್ತಿದ್ದ ನಮಗೆ ಇದನ್ನು ಒಪ್ಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಗೋಡೆಯ ಬದಿಯಲ್ಲಿಯೂ ಇಂಥದೇ ಎಚ್ಚರ ಬೇಕು. ಅಲ್ಲಿನ ಸಂದು ತುಸು ಹೆಚ್ಚಾದರೆ ದ್ರವ ಅಂಚಿನಲ್ಲಿ ಮುಂದೋಡುತ್ತದೆ, ಕಡಿಮೆಯಾದರೆ ಹಿಂದುಳಿಯುತ್ತದೆ. ನೇರವಾಗಿದ್ದ ಪಟ್ಟೆ ಬಿಲ್ಲಿನಂತೆ ಬಾಗುತ್ತದೆ.

ಇಷ್ಟಾದರೂ ಹಳೆಯ ಕೊಳವೆಗಳು ಮೂಲೆ ಸೇರಿಲ್ಲ. ಕಂಬದ ಕಾಲುವೆ ಹಿಡಿಸಿಕೊಳ್ಳುವ ಮಾದರಿ ಅತ್ಯಲ್ಪ. ಜೋಡಿಸುವ ನಳಿಕೆಯಲ್ಲಿ ಕೊಂಚ ಖಾಲಿ ಜಾಗ ಉಳಿದರೂ ಒಳಗಿನ ಶಿಸ್ತು ವ್ಯರ್ಥ. ಜೀವಕೋಶದ ಸಾವಿರಾರು ಪ್ರೋಟೀನುಗಳನ್ನು ಅತ್ಯಲ್ಪ ಮಾದರಿಯಿಂದ ಗುರುತಿಸಬೇಕಾದಲ್ಲಿ ಅದರ ಬೆಲೆ ತಿಳಿಯುತ್ತದೆ. ನಮ್ಮ ವಯಸ್ಸಿನವರು ಮೂರು ತಿಂಗಳ ಸಕ್ಕರೆಯನ್ನು ಅರಿಯಲು ಕೊಡುವ ರಕ್ತವಾದರೋ ಅನೇಕ ಕಡೆ ಕಣ ತುಂಬಿದ ಕೊಳವೆಯಲ್ಲಿಯೇ ಹರಿದು, ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಕೆಲವೇ ನಿಮಿಷಗಳಲ್ಲಿ ಬೇರೆಯಾಗುತ್ತದೆ. ನಮ್ಮದು ಕಳೆದ ಸಲ 7.4 ಬಂದಿತ್ತು. ಅಂದಿನಿಂದ ನಮ್ಮ ಮನೆಯವರು ಶೇಂಗಾ ಹೋಳಿಗೆಯ ಡಬ್ಬಿಯನ್ನು ನಮ್ಮ ಕೈಗೆಟುಕದ ಅಟ್ಟಕ್ಕೆ ಏರಿಸಿದ್ದಾರೆ.