ಕೆಂಪು ಬುಗುರಿ ಮತ್ತು ಒಂದು ಜೊತೆ ಆವರಣ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಚನ್ನಪಟ್ಟಣದ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಯ ಕಂಪ್ಯೂಟರ್ ಅವಧಿಯಲ್ಲಿ ಪೈಥಾನ್‌ನ ‘ಇಫ್’ ಷರತ್ತು ಕಲಿಸಬೇಕಿತ್ತು. ಬೋಧನೋಪಕರಣ ಊರಿನದೇ ಇರಲೆಂದು ಆಲೆ ಮರದ, ಅರಗಿನ ಬಣ್ಣದ ಐದು ಆಟಿಕೆ ಕೊಂಡೊಯ್ದೆ: ಕೆಂಪು ಬುಗುರಿ, ಕೆಂಪು ಕಾರು, ಹಳದಿ ರೈಲು, ಹಳದಿ ಗಿಲಕಿ, ಹಸಿರು ಗಾಡಿ. ಬಣ್ಣ ಕೆಂಪು ಇಲ್ಲವೇ ಹಳದಿ ಇರಬೇಕು, ಜೊತೆಗೆ ಚಕ್ರವೂ ಇರಬೇಕು. ಅಂಥವನ್ನು ಪ್ರೋಗ್ರಾಂ ಆರಿಸಬೇಕು. ಉತ್ತರ ಎರಡೇ: ಕಾರು, ರೈಲು.

ಬಿ.ಎಸ್‌ಸಿ.ಯಲ್ಲಿ ನಾನು ಮೊದಲು ಕಲಿತದ್ದು ಸಿ ಭಾಷೆ. ಅಲ್ಲಿ ‘ಇಫ್’ ನಂತರ ಇಡೀ ಷರತ್ತನ್ನು ಆವರಣದೊಳಗೆ ಬರೆಯಲೇಬೇಕು. ಆಮೇಲೆ ‘ಪೈಥಾನ್‌ಗೆ ಆವರಣ ಬೇಡ’ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಹಾಗಾಗಿ ಹಲಗೆಯ ಮೇಲೆ ಧೈರ್ಯವಾಗಿ ಬರೆದೆ:

ಇಫ್ ಕೆಂಪು ಆರ್ ಹಳದಿ ಆಂಡ್ ಚಕ್ರ

ಪ್ರೋಗ್ರಾಂ ನಡೆಸಿದಾಗ ಪರದೆಯ ಮೇಲೆ ಮೂರು ಹೆಸರು ಬಂದವು. ಬುಗುರಿಯೂ ಇತ್ತು! ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು. ಗಾಬರಿಯಲ್ಲಿ, “ಕಂಪ್ಯೂಟರ್ ಏನೋ ತಪ್ಪು ಮಾಡ್ತಿದೆ” ಎಂದುಬಿಟ್ಟೆ.

ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ಎರಡು ಕೂಡಿಸು ಮೂರು ಗುಣಿಸು ನಾಲ್ಕು ಅಂದ್ರೆ ಗುಣಾಕಾರ ಮೊದಲು ಮಾಡ್ತೀವಲ್ಲ, ಇಲ್ಲೂ ಹಂಗೇ ಏನೋ?”

ಹಾಗೆಯೇ. ಗುಣಾಕಾರದಂತೆ ‘ಆಂಡ್’ ಮೊದಲು, ಸಂಕಲನದಂತೆ ‘ಆರ್’ ಆಮೇಲೆ. ಚಕ್ರದ ಷರತ್ತು ಹಳದಿಗೆ ಮಾತ್ರ ಅಂಟಿಕೊಂಡಿತ್ತು. ಕೆಂಪು ಎಂಬ ಒಂದೇ ಕಾರಣಕ್ಕೆ ಬುಗುರಿ ಒಳಗೆ ಬಂದಿತ್ತು. ಮಾತಿನಲ್ಲಾದರೆ ಎಲ್ಲಿ ತಡೆದು ಹೇಳುತ್ತೇವೆ ಎಂಬುದರಿಂದ ಅರ್ಥ ಹೊಳೆಯುತ್ತದೆ. ಪ್ರೋಗ್ರಾಂನಲ್ಲಿ ಆ ಕೆಲಸ ಆವರಣದ್ದು. ಪೈಥಾನ್‌ಗೆ ಬೇಡವಾದದ್ದು ಇಡೀ ಷರತ್ತನ್ನು ಸುತ್ತುವ ಹೊರಗಿನ ಆವರಣ ಮಾತ್ರ. ಗುಂಪು ಮಾಡುವ ಒಳಗಿನ ಆವರಣ ಇಂಥ ಕಡೆ ಎರಡೂ ಭಾಷೆಗೆ ಬೇಕು.

“ತಪ್ಪು ಕಂಪ್ಯೂಟರಿನದಲ್ಲ, ನನ್ನದು” ಎಂದು ಮಕ್ಕಳ ಮುಂದೆಯೇ ತಿದ್ದಿದೆ:

ಇಫ್ (ಕೆಂಪು ಆರ್ ಹಳದಿ) ಆಂಡ್ ಚಕ್ರ

ಬುಗುರಿ ಹೊರಬಿತ್ತು.

ಮಾರ್ಗದರ್ಶಕರು ವಿಷಯಜ್ಞಾನದಲ್ಲಿ ಅಂಕ ಕಳೆದಿದ್ದರು. ಕೆಳಗೆ ಒಂದೇ ಪ್ರಶ್ನೆ ಬರೆದಿದ್ದರು: ‘ಆ ಹುಡುಗಿ ಏಳದಿದ್ದರೆ?’ ಅಂಕಕ್ಕಿಂತ ಆ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು. ಮುಂದಿನ ಪಾಠಯೋಜನೆಯಲ್ಲಿ ಒಂದು ಹಂತ ಸೇರಿಸಿದೆ: ಪ್ರೋಗ್ರಾಂ ನಡೆಸುವ ಮೊದಲು ಮಕ್ಕಳೇ ಷರತ್ತು ಓದಿ, ಆಟಿಕೆ ಆರಿಸಿ ಮೇಜಿನ ಮೇಲಿಡಬೇಕು. ಮೇಜಿನ ಉತ್ತರ, ಪರದೆಯ ಉತ್ತರ ಬೇರೆಯಾದರೆ ಯಾರನ್ನೂ ದೂರುವುದಿಲ್ಲ. ಎಲ್ಲರೂ ಸೇರಿ ಹಲಗೆಯ ಮೇಲಿನ ಸಾಲನ್ನು ಮತ್ತೆ ಓದುತ್ತೇವೆ.