ಗೊಜ್ಜಿನ ಹದ

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ನನಗೆ ಮನೆಯಲ್ಲಿ ಗೊಜ್ಜು ಕುದಿಸುವ ಉದ್ಯೋಗವೂ ಇದೆ ಎಂದರೆ ಓದುಗರಿಗೆ ನಗು ಬಂದೀತು. ನಮ್ಮ ವಿಭಾಗದ ಮಿತ್ರರು ಆಗಲೇ ನಕ್ಕು ಮುಗಿಸಿದ್ದಾರೆ. ಗಂಡಸು ಅಡುಗೆಮನೆಗೆ ಕಾಲಿಡುವುದು ಈ ಕಾಲದಲ್ಲಿ ಹೆಚ್ಚುಗಾರಿಕೆಯ ವಿಷಯವೇನೂ ಅಲ್ಲ. ಅದನ್ನು ಸಾರುವುದಕ್ಕಾಗಿ ನಾನು ಬರೆಯುತ್ತಲೂ ಇಲ್ಲ. ನಲವತ್ತು ದಾಟುವವರೆಗೆ ನನಗೆ ಬರುತ್ತಿದ್ದ ಪಾಕವೆಂದರೆ ಕಾಫಿ ಒಂದೇ. ಅದನ್ನೂ ನನ್ನ ಹೆಂಡತಿ ಮೆಚ್ಚಿ ಕುಡಿದದ್ದಿಲ್ಲ. ನಾನು ಗೊಜ್ಜಿಗೆ ಇಳಿದದ್ದು ಅಮ್ಮನ ಮೂಗಿನ ದೆಸೆಯಿಂದ.

ಅಮ್ಮ ಗುಬ್ಬಿಯ ಕಡೆಯವಳು. ಅವಳ ಕೈಯ ಹಾಗಲಕಾಯಿ ಗೊಜ್ಜೆಂದರೆ ನಮ್ಮ ನೆಂಟರಿಷ್ಟರಲ್ಲಿ ಒಂದು ಹೆಸರು. ಹುಣಸೆಯ ಹುಳಿ ಹಿತ್ತಾಳೆಯನ್ನು ಕಚ್ಚಿ ಕಿಲುಬು ಬಿಡುತ್ತದೆಂದು, ಕಲಾಯಿ ಮಾಸಿದ ಪಾತ್ರೆಯನ್ನು ಅವಳು ಹುಳಿಯ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಗೊಜ್ಜೇನಿದ್ದರೂ ಬಳಪದ ಕಲ್ಲಿನ ಮರಿಗೆಯಲ್ಲೇ ಆಗಬೇಕು. ಒಲೆಯಿಂದ ಇಳಿಸಿದ ಮೇಲೂ ಆ ಮರಿಗೆ ಬಹಳ ಹೊತ್ತು ಕೊತಗುಟ್ಟುತ್ತಿರುತ್ತಿತ್ತು. ನಾವು ಹುಡುಗರು ಊಟಕ್ಕೆ ಕರೆಯುವ ಮುಂಚೆಯೇ ಅದರ ಸುತ್ತ ಕುಳಿತಿರುತ್ತಿದ್ದೆವು.

ಇಷ್ಟು ವರ್ಷ ಅಡುಗೆ ಮಾಡಿದ ಅಮ್ಮ ಒಂದು ದಿನವಾದರೂ ಅದನ್ನು ರುಚಿ ನೋಡಿದವಳಲ್ಲ. ದೇವರ ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಸೋಕಿದರೆ ಅದು ಎಂಜಲಾಯಿತು. ಉಪ್ಪು, ಹುಳಿ, ಖಾರ, ಬೆಲ್ಲ ಎಲ್ಲವನ್ನೂ ಅವಳು ಕಣ್ಣಳತೆಯಲ್ಲಿ ಹಾಕಿ, ಏಳುವ ಹಬೆಗೆ ಮುಖವೊಡ್ಡಿ, ಒಂದು ಸಲ ಉಸಿರೆಳೆದು ‘ಉಪ್ಪು ಸಾಲದು’ ಎನ್ನುತ್ತಿದ್ದಳು. ಉಪ್ಪಿಗೆ ವಾಸನೆ ಎಲ್ಲಿಯದು ಎಂದು ನಾನು ಕೇಳಿದ್ದುಂಟು. ‘ನಿನಗೆ ಬರಲ್ಲ ಬಿಡು’ ಎಂದಿದ್ದಳು. ಉಪ್ಪು ನಿಜವಾಗಿಯೂ ಸಾಲದೇ ಇರುತ್ತಿತ್ತು.

2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಹೊತ್ತಿಗೆ, ನಮ್ಮ ಮನೆಗೂ ಆ ಜ್ವರ ಬಂತು. ದೇವರು ದೊಡ್ಡವನು, ಎಲ್ಲರೂ ಎದ್ದು ಕುಳಿತೆವು. ಆದರೆ ಅಮ್ಮನ ಮೂಗು ಹೋಯಿತು. ಮೊದಲ ವಾರ ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಮೈಯಲ್ಲಿ ಶಕ್ತಿ ಬಂದದ್ದೇ ತಡ, ಹಟ ಹಿಡಿದು ಅಡುಗೆಗೆ ನಿಂತು ಗೊಜ್ಜನ್ನೇ ಮಾಡಿದಳು. ಮೆಂತ್ಯ ಕರಿದು ಇದ್ದಿಲಾಗಿತ್ತು. ನನ್ನ ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದು, ‘ಅತ್ತೆ, ಚೆನ್ನಾಗಿದೆ’ ಎಂದಳು. ನಾನೂ ಎರಡನೆಯ ಸಲ ಬಡಿಸಿಕೊಂಡೆ. ನಮ್ಮ ಮಗಳಿಗೆ ಇಂಥ ನಾಟಕವಿನ್ನೂ ಬಾರದು. ‘ಅಜ್ಜಿ, ಸೀದುಹೋಗಿದೆ’ ಎಂದು ತಟ್ಟೆ ಸರಿಸಿಬಿಟ್ಟಳು. ಅಮ್ಮ ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿ ಎದ್ದುಹೋದಳು. ಮಾರನೆಯ ದಿನದಿಂದ ಅಡುಗೆಮನೆಗೆ ಬರಲಿಲ್ಲ. ಹಜಾರದ ಕುರ್ಚಿಯಲ್ಲಿ ಕುಳಿತಿರುವುದು. ಕರೆದರೆ ಬಂದು, ಔಷಧ ನುಂಗುವಂತೆ ನಾಲ್ಕು ತುತ್ತು ನುಂಗಿ ಹೋಗುವುದು. ಎರಡು ತಿಂಗಳಲ್ಲಿ ಬಳೆಗಳು ಮೊಳಕೈವರೆಗೆ ಜಾರುವಷ್ಟು ಇಳಿದುಹೋದಳು. ಬರುತ್ತದೆ, ಕಾಯಿರಿ ಎಂದರು ವೈದ್ಯರು.

ನಾವು ರುಚಿ ಎಂದು ಕರೆಯುವುದರಲ್ಲಿ ಬಹುಪಾಲು ಮೂಗಿನದೇ ಎಂಬುದನ್ನು ನಾನು ಆಗ ಕಲಿತೆ. ಸಿಹಿ, ಹುಳಿ, ಉಪ್ಪು, ಕಹಿ ಇಂಥ ಕೆಲವನ್ನಷ್ಟೇ ನಾಲಿಗೆ ಬಲ್ಲದು. ಇಂಗಿನದು, ಕರಿಬೇವಿನದು, ಹುರಿದ ಕೊತ್ತಂಬರಿಯದು ಎಲ್ಲ ಮೂಗಿನ ಪಾಲು. ಆ ಜ್ವರದಲ್ಲಿ ಕೆಲವರಿಗೆ ಎರಡೂ ಹೋಗಿದ್ದವು. ಅಮ್ಮನಿಗೆ ನಾಲಿಗೆ ಉಳಿದಿತ್ತು. ಅದು ಗೊತ್ತಾದದ್ದು ಆಕಸ್ಮಿಕವಾಗಿ. ಹುಣಸೆಹಣ್ಣಿನ ಬೀಜ ಬಿಡಿಸಲು ಅವಳ ಮುಂದೆ ಒಂದು ಮೊರ ಇಟ್ಟಿದ್ದೆವು. ಅವಳು ಹುಡುಗಿಯ ಹಾಗೆ ಒಂದು ಎಸಳನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ‘ಹುಳಿ ಇದೆ ಕಣೋ’ ಎಂದಳು. ಹುಣಸೆ ಮುಪ್ಪಾದರೂ ಹುಳಿ ಮುಪ್ಪಲ್ಲ ಎಂಬ ಗಾದೆಯನ್ನು ನಾನು ಹೇಳಿದೆ. ‘ಗಾದೆ ಸಾಕು, ಹೋಗಿ ಹಾಗಲಕಾಯಿ ತಾ’ ಎಂದಳು.

ಹಾಗೆ ಶುರುವಾಯಿತು. ಅವಳು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು, ನಾನು ಕೈ ಆಡಿಸುವುದು. ನನ್ನದು ಮೇಷ್ಟರ ಬುದ್ಧಿ. ಟಿಪ್ಪಣಿ ಪುಸ್ತಕ ಹಿಡಿದು ನಿಂತೆ.

‘ಹುಣಸೆಹಣ್ಣು ಎಷ್ಟಮ್ಮ?’

‘ನಿಂಬೆಹಣ್ಣಿನಷ್ಟು.’

‘ಎಷ್ಟು ದೊಡ್ಡ ನಿಂಬೆಹಣ್ಣು?’

‘ಗೊಜ್ಜಿಗೆ ಸಾಕಾಗುವಷ್ಟು.’

‘ಬೆಲ್ಲ?’

‘ಹುಳಿ ಮುರಿಯುವಷ್ಟು.’

ಕಾಲು ಕಿಲೋ ಹಾಗಲಕ್ಕೆ 30 ಗ್ರಾಂ ಹುಣಸೆ, 50 ಗ್ರಾಂ ಬೆಲ್ಲ ಎಂದು ನಾನೇ ತೂಗಿ ಬರೆದುಕೊಂಡೆ. ಮುಂದಿನ ವಾರಕ್ಕೆ ಆ ಲೆಕ್ಕ ಕೆಟ್ಟಿತು. ಹೊಸ ಹುಣಸೆ ಕೆಂಚಗಿರುತ್ತದೆ, ಹಳೆಯದು ಕಪ್ಪಗೆ. ಒಂದೇ ತೂಕಕ್ಕೆ ಎರಡರ ಹುಳಿಯೂ ಒಂದಲ್ಲ. ಬೆಲ್ಲವೂ ಹಾಗೆಯೇ. ಬಣ್ಣ ಬಿಳುಪಾಗಲೆಂದು ಆಲೆಮನೆಯಲ್ಲಿ ಮದ್ದು ಹಾಕಿದ ಅಚ್ಚಿನ ಬೆಲ್ಲವೇ ಬೇರೆ, ಕಂದುಬಣ್ಣದ ಉಂಡೆಯೇ ಬೇರೆ. ಪುಸ್ತಕವನ್ನು ಮಡಿಸಿಟ್ಟೆ.

ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಅರಿಸಿನ ಬೆರೆಸಿ ಅರ್ಧ ಗಂಟೆ ಬಿಟ್ಟು, ಹಿಂಡಿ, ಎಣ್ಣೆಯಲ್ಲಿ ಬಾಡಿಸಬೇಕು. ಪುಡಿಗೆ ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಎಳ್ಳು, ಕೊಬ್ಬರಿ, ಚಿಟಿಕೆ ಮೆಂತ್ಯ. ಇದೆಲ್ಲ ಯಾರು ಬೇಕಾದರೂ ಮಾಡಿಯಾರು. ಕಷ್ಟವಿರುವುದು ಹುಣಸೆ ರಸ ಕುದಿಯುವಾಗ. ಹಸಿ ವಾಸನೆ ಹೋಗುವವರೆಗೆ ಕುದಿಸಬೇಕು, ಆಮೇಲೆ ಬೆಲ್ಲ; ಇದು ಶಾಸ್ತ್ರ. ಆ ಹಸಿ ವಾಸನೆ ಹೋಯಿತೆಂದು ಅಮ್ಮನಿಗೆ ತಿಳಿಯುವುದು ಹೇಗೆ? ‘ಹೋಯಿತೇನೋ?’ ಎನ್ನುವಳು. ನಾನು ಹಬೆಗೆ ಮುಖವೊಡ್ಡಿ ‘ಹೋಯಿತು’ ಎನ್ನುವೆ. ‘ಎಲ್ಲಿ ಹೋಯಿತು, ಇನ್ನೂ ನೀರಿನ ಸದ್ದು ಬರುತ್ತಿದೆಯಲ್ಲ’ ಎನ್ನುವಳು. ಹೌದು, ತೆಳ್ಳಗಿರುವಾಗ ರಸ ಕೊತಕೊತ ಎನ್ನುತ್ತದೆ. ಗಟ್ಟಿಯಾಗುತ್ತ ಬಂದ ಹಾಗೆ ಗುಳ್ಳೆ ದಪ್ಪಗಾಗಿ ಲೊಚಪೊಚ ಎನ್ನತೊಡಗುತ್ತದೆ. ಅಮ್ಮ ಅದನ್ನು ಕಿವಿಯಲ್ಲಿ ಹಿಡಿದಿದ್ದಳು. ಇಷ್ಟು ವರ್ಷ ಅವಳು ಕಿವಿಯಿಂದಲೂ ಅಡುಗೆ ಮಾಡುತ್ತಿದ್ದಳೆಂದು ಅವಳಿಗೂ ತಿಳಿದಿರಲಿಲ್ಲ.

ಬೆಲ್ಲ ಹುಳಿಯನ್ನು ‘ಮುರಿಯುತ್ತದೆ’ ಎಂಬ ಮಾತಿನ ಬಗ್ಗೆ ನನಗೊಂದು ಸಂಶಯ ಬಂತು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರನ್ನು ಕೇಳಿದೆ. ಅವರು ನೀಲಿ ಲಿಟ್ಮಸ್ ಕಾಗದವನ್ನು ಹುಣಸೆ ನೀರಿಗೆ ಅದ್ದಿದರು, ಕೆಂಪಾಯಿತು. ಅದೇ ನೀರಿಗೆ ಬೇಕಾದಷ್ಟು ಬೆಲ್ಲ ಕರಗಿಸಿ ಇನ್ನೊಂದು ಕಾಗದ ಅದ್ದಿದರು, ಅದೂ ಕೆಂಪಾಯಿತು. ಹುಳಿ ಎಲ್ಲಿಗೂ ಹೋಗಿಲ್ಲ, ಸಿಹಿ ನಾಲಿಗೆಗೆ ಅದನ್ನು ಮರೆಸುತ್ತದೆ ಅಷ್ಟೆ ಎಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ‘ಇದಕ್ಕೆ ಕಾಲೇಜಿಗೆ ಹೋಗಬೇಕಾಗಿತ್ತೆ? ನಿನ್ನೆಯ ಗೊಜ್ಜಿನಿಂದ ಇವತ್ತು ತಾಮ್ರದ ಚೊಂಬು ಬೆಳಗಿದರೆ ಫಳಫಳ ಅನ್ನುತ್ತೆ. ಬೆಲ್ಲ ಇದ್ದರೂ ಅನ್ನುತ್ತೆ’ ಎಂದಳು.

ನನ್ನ ವಿದ್ಯೆಯೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ತನ್ನ ಲೋಕೋಪಕಾರದಲ್ಲಿ ಅಡುಗೆಗೂ ಜಾಗ ಕೊಟ್ಟ. 16ನೆಯ ಶತಮಾನದ ಮೊದಲ ಭಾಗದ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲೇ ಬರೆದ. ನಾನು ಅದರ ಪದ್ಯಗಳಿಗೆ ಹುಡುಗರಿಂದ ಮಾತ್ರೆ ಎಣಿಸಿದ್ದೇನೆ, ಒಂದನ್ನೂ ಒಲೆಯ ಮೇಲೆ ಇಟ್ಟವನಲ್ಲ. ಮಂಗರಸನ ಅಡುಗೆಮನೆಯಲ್ಲಿ ಮೆಣಸಿನಕಾಯಿಯೂ ಇರಲಿಲ್ಲ. ಅದು ಅಮೆರಿಕದ ಫಲ, ಪೋರ್ಚುಗೀಸರು ತಂದದ್ದು. ಅವನ ಖಾರವೆಲ್ಲ ಕರಿಮೆಣಸಿನದು. ನನ್ನ ಹೆಂಡತಿ ಉಡುಪಿಯ ಕಡೆಯವಳು. ಅವರಲ್ಲಿ ಅನಾನಸಿನ ಇಂಥದೇ ಸಿಹಿ-ಹುಳಿ ಪದಾರ್ಥಕ್ಕೆ ಮೆಣಸ್ಕಾಯಿ ಎಂದೇ ಹೆಸರು. ಹಾಗಲವನ್ನು ಕಂಡರಾಗದ ನಮ್ಮ ಮಗಳು ಅದನ್ನು ಚಪ್ಪರಿಸಿ ತಿನ್ನುತ್ತಾಳೆ, ‘ಇದು ಸ್ವೀಟ್ ಅಂಡ್ ಸೋರ್ ಸಾಸೇ ಅಲ್ಲವೇನಪ್ಪಾ?’ ಎನ್ನುತ್ತಾಳೆ. ವಿನಿಗರ್ ಇದ್ದಲ್ಲಿ ಹುಣಸೆ, ಸಕ್ಕರೆ ಇದ್ದಲ್ಲಿ ಬೆಲ್ಲ ಇಟ್ಟು ನೋಡಿದರೆ ಅವಳ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ.

ಇನ್ನು ರುಚಿ ನೋಡುವ ಪ್ರಶ್ನೆ. ಮೂಗು ಹೋದ ಮೇಲೆ ಅಮ್ಮನಿಗೆ ಉಳಿದ ಅಳತೆ ನಾಲಿಗೆಯೊಂದೇ. ಅದನ್ನು ಬಳಸಿದರೆ ನೇಮ ತಪ್ಪುತ್ತದೆ. ನಾನು ನೋಡಿದರೂ ಎಂಜಲೇ. ಮೊದಲ ಕೆಲವು ದಿನ ಇಬ್ಬರೂ ನೋಡದೆ ಮಾಡಿದೆವು. ಆ ಗೊಜ್ಜುಗಳನ್ನು ನೆನೆಯುವುದು ಬೇಡ. ಕೊನೆಗೆ ಒಂದು ದಿನ ಅಮ್ಮನೇ ಬಹಳ ಯೋಚಿಸಿ, ಕುದಿಯುತ್ತಿರುವಾಗಲೇ ಬೆಳ್ಳಿ ಬಟ್ಟಲಿಗೆ ಸ್ವಲ್ಪ ತೆಗೆಸಿ ದೇವರ ಮುಂದಿಡಿಸಿದಳು. ಬಂದು ಅಂಗೈಗೆ ಒಂದು ತೊಟ್ಟು ಬಿಡಿಸಿಕೊಂಡು ನಾಲಿಗೆಗೆ ಇಟ್ಟುಕೊಂಡಳು. ಅವಳ ಕೈ ನಡುಗುತ್ತಿತ್ತು. ವಯಸ್ಸಿಗೆ ಎಂದು ನಾನು ಅಂದುಕೊಂಡೆ.

‘ಬೆಲ್ಲ ಜಾಸ್ತಿ’ ಎಂದಳು.

‘ಹಾಗಾದರೆ ದೇವರಿಗೆ ಹದ ತಪ್ಪಿದ್ದು, ನಮಗೆ ತಿದ್ದಿದ್ದೋ?’ ಎಂದೆ.

‘ಅವನು ಏನೂ ಅನ್ನಲ್ಲ. ಹುಳಿ ಹಾಕು.’

ಹಾಕಿದೆ. ಇನ್ನಷ್ಟು ಎಂದಳು, ಇನ್ನಷ್ಟು ಹಾಕಿದೆ. ಊಟದಲ್ಲಿ ನಮಗೆಲ್ಲ ಹಲ್ಲು ಚುಳಿತುಹೋಯಿತು. ಅಮ್ಮ ಮಾತ್ರ ಎರಡು ಸಲ ಅನ್ನಕ್ಕೆ ಕಲಸಿಕೊಂಡಳು, ಎಷ್ಟೋ ತಿಂಗಳ ಮೇಲೆ. ನನಗೆ ಬೇಕಾಗಿದ್ದದ್ದು ಹಳೆಯ ಮರಿಗೆಯ ಗೊಜ್ಜು. ಅದರ ಯಜಮಾನಿಯೇ ಎದುರಿಗೆ ಕುಳಿತಿದ್ದರೂ ಅವಳಿಗೀಗ ಅದು ಸಪ್ಪೆ. ಸ್ವಲ್ಪ ದಿನ ನಾನು ಅವಳ ಕಣ್ಣು ತಪ್ಪಿಸಿ ಬೆಲ್ಲ ಉದುರಿಸುತ್ತಿದ್ದೆ. ಒಂದು ಸಲ ಸಿಕ್ಕಿಬಿದ್ದೆ. ಅವಳು ಬೈಯಲಿಲ್ಲ; ಸುಮ್ಮನೆ ಹಜಾರದ ಕುರ್ಚಿಗೆ ಹೋಗಿ ಕುಳಿತಳು. ಆ ಕುರ್ಚಿಯನ್ನು ಕಂಡರೆ ನನಗೆ ಭಯ. ಅಂದಿನಿಂದ ಒಂದೇ ಪಾತ್ರೆಯಲ್ಲಿ ಮೂರು ಗೊಜ್ಜು ನಡೆದಿವೆ: ದೇವರದು ತಿದ್ದುವ ಮುಂಚೆ, ಅಮ್ಮನದು ಹುಳಿ ಹೆಚ್ಚಾಗಿ, ಮಿಕ್ಕದ್ದು ನಮಗೆ ಬೆಲ್ಲ ಸೇರಿಸಿ.

ಕಳೆದ ಪರೀಕ್ಷೆಯ ಕಾಲದಲ್ಲಿ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದಿತ್ತು. ಬಾಣಲೆಯಲ್ಲಿ ಮೆಂತ್ಯ ಹಾಕಿ, ಕೈಯಲ್ಲೊಂದು ಪತ್ರಿಕೆ ಹಿಡಿದು ಓದುತ್ತ ನಿಂತಿದ್ದೆ. ಹಿಂದಿನಿಂದ ಅಮ್ಮ, ‘ಇಳಿಸೋ, ಸೀಯುತ್ತಿದೆ’ ಎಂದಳು. ಇಳಿಸಿದೆ. ಕೆಂಪಗೆ ಸರಿಯಾಗಿತ್ತು, ಇನ್ನೊಂದು ಕ್ಷಣ ಬಿಟ್ಟಿದ್ದರೆ ಕಪ್ಪಾಗುತ್ತಿತ್ತು. ತಟ್ಟನೆ ತಿರುಗಿ, ‘ವಾಸನೆ ಬಂತೇನಮ್ಮ?’ ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ಬಂತೋ, ಸದ್ದು ಕೇಳಿಸಿತೋ ಗೊತ್ತಾಗಲಿಲ್ಲ. ಇನ್ನೊಂದು ಚಿಟಿಕೆ ಹಾಕು ನೋಡೋಣ’ ಎಂದಳು.

ಹಾಕಿದೆ. ಇಬ್ಬರೂ ಬಾಣಲೆಯ ಮೇಲೆ ಬಗ್ಗಿ ನಿಂತೆವು.